ಕೆಂಪು ನಂಬರಿನ ಮರಗಳು

ಮಾರ್ಚ್ ೧೬

ಉದ್ಯಾನ ವಿಭಾಗದ ಉಪ ಅಧಿಕಾರಿಯವರಿಗೆ,

ಈ ತಿಂಗಳ ಹದಿನಾಲ್ಕನೇ ತಾರೀಖು, ಬೆಳಗಿನ ಏಳೂವರೆಯಿಂದ ಹತ್ತು ಗಂಟೆಯೊಳಗೆ, ಕೊಳದ ಪಾರ್ಕಿನಲ್ಲಿ ನೀವು ಹನ್ನೆರಡು ಮರಗಳನ್ನು ಬುಡಕ್ಕೆ ಕಡಿದು ಉರುಳಿಸಿದ್ದೀರಿ. ಹೂ ತುಂಬಿ ನಿಂತಿದ್ದ ಮರಗಳು. ಗೂಡಿನಲ್ಲಿ ಮೊಟ್ಟೆ ಇದ್ದ, ಪೊಟರೆಯಲ್ಲಿ ಮರಿ ಇದ್ದ ಮರಗಳು. ಗೇಟಿಗೆ ಒಂದು ಚೀಟಿ ಅಂಟಿಸಿರಲಿಲ್ಲ. ಯಾರನ್ನೂ ಒಂದು ಮಾತು ಕೇಳಿರಲಿಲ್ಲ.

ಆ ಹೊತ್ತಿನಲ್ಲಿ ನಾನು ಕಣ್ಣಿನ ಡಾಕ್ಟರ ಯಂತ್ರಕ್ಕೆ ಗಲ್ಲ ಊರಿ ಕೂತಿದ್ದೆ. “ಈ ವಯಸ್ಸಲ್ಲಿ ಇಷ್ಟು ಚೆನ್ನಾಗಿರೋ ಕಣ್ಣು ನಾನು ನೋಡಿಲ್ಲ” ಎಂದರು ಅವರು. ಆ ಚೆನ್ನಾಗಿರುವ ಕಣ್ಣಿಗೆ ಪಾರ್ಕಿನ ಗೇಟಿನಲ್ಲಿ ಮೊದಲು ಕಂಡದ್ದು, ಹೊರಟ ಲಾರಿಯ ಹಿಂದೆ ನೆಲ ಗುಡಿಸಿಕೊಂಡು ಹೋಗುತ್ತಿದ್ದ ಹಾಲಿವಾಣದ ಕೊಂಬೆ. ಹೂ ಇನ್ನೂ ಬಾಡಿರಲಿಲ್ಲ.

ನಾನು ಮೂವತ್ತೊಂದು ವರ್ಷ ಒಂದು ಪತ್ರಿಕೆಯಲ್ಲಿ ಪ್ರೂಫ್ ತಿದ್ದಿದವಳು. ಇಪ್ಪತ್ತೆಂಟು ವಸಂತಗಳಿಂದ ಬೆಳಿಗ್ಗೆ ಆರರಿಂದ ಎಂಟರವರೆಗೆ ಕೊಳದ ಎದುರಿನ ಮೂರನೇ ಬೆಂಚಿನಲ್ಲಿ ಕೂತು, ಯಾವ ಮರ ಯಾವತ್ತು ಹೂಬಿಟ್ಟಿತು, ಯಾವ ಹಕ್ಕಿ ಎಲ್ಲಿ ಗೂಡು ಹೂಡಿತು ಎಂದು ಬರೆದಿಟ್ಟವಳು. ಗೂಡಿರುವ ಮರಗಳಿಗೆ ನಮ್ಮ ಮನೆಯವರು ತಗಡಿನ ಮೇಲೆ ನಂಬರು ಬರೆದು ಕಟ್ಟಿದ್ದರು, ನನ್ನ ನೋಟ್‌ಬುಕ್ಕಿನ ಗುರುತಿಗೆಂದು. ಆದ್ದರಿಂದ ನೀವು ಕಡಿದದ್ದು ಏನನ್ನು ಎಂದು ನಿಮಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತು. ಒಂದನೇ ನಂಬರು, ಹಾಲಿವಾಣ: ಫೆಬ್ರವರಿ ಎಂಟಕ್ಕೆ ಮೊದಲ ಕೆಂಪು, ಅವತ್ತಿನಿಂದ ಬೆಳಗಾದರೆ ಮೈನಾಗಳ ಜಗಳ. ಏಳನೆಯದು ಅತ್ತಿ: ಒಣಗಿದ ಕೊಂಬೆಯಲ್ಲಿ ಕುಟ್ರುಹಕ್ಕಿಯ ಪೊಟರೆ, ಮರಿಗಳು ಹೊರಗೆ ಬರಲು ಇನ್ನು ಹತ್ತು ದಿನವಿತ್ತು. ಒಂಬತ್ತನೆಯದು ಜಕರಂಡ: ಮರಕುಟಿಗ. ಈ ಸಲ ಮೊಗ್ಗು ತಡವಾಗಿತ್ತು. ಇನ್ನು ಆಗುವುದೂ ಇಲ್ಲ. ಮಿಕ್ಕವುಗಳ ಪಟ್ಟಿಯನ್ನು ಲಗತ್ತಿಸಿದ್ದೇನೆ.

ಈ ಮರಗಳು ಸಾಯಬೇಕೆಂದು ಹೇಳಿದವರು ಯಾರು, ಅವರು ಯಾವತ್ತು ಬಂದು ನೋಡಿದರು, ಏನು ನೋಡಿದರು? ಉತ್ತರ ಬರಹದಲ್ಲಿ ಬರಲಿ.

ಕೊಳದ ಪಾರ್ಕಿನ ಒಬ್ಬ ನಾಗರಿಕಳು
(ಕಚೇರಿಯ ದಾಖಲೆಗೆ ಬೇಕಿಲ್ಲದಿದ್ದರೂ, ತಮ್ಮ ತಾಯಿ)

ಕಳೆದ ಭಾನುವಾರ ತಾವು ನಮ್ಮ ಮನೆಯಲ್ಲಿ ಮರೆತುಹೋದ ಕೊಡೆ ಬಾಗಿಲ ಹಿಂದೆ ಇದೆ. ಉತ್ತರ ಬರುವ ತನಕ ಅದು ಅಲ್ಲೇ ಇರುತ್ತದೆ.


ಮಾರ್ಚ್ ೨೨

ಮಾನ್ಯರೇ,

ತಮ್ಮ ದಿನಾಂಕ ೧೬ರ ಪತ್ರ ತಲುಪಿದೆ. ಸದರಿ ಪಾರ್ಕಿನಲ್ಲಿ ಸಾರ್ವಜನಿಕರಿಗೆ ಅಪಾಯಕಾರಿ ಎಂದು ಪರಿಶೀಲನೆಯಲ್ಲಿ ಕಂಡುಬಂದ ಹನ್ನೆರಡು ಮರಗಳನ್ನು ನಿಯಮಾನುಸಾರ ತೆರವುಗೊಳಿಸಲಾಗಿದೆ. ಉಳಿದ ಒಂಬತ್ತು ಮರಗಳನ್ನು ಎರಡನೇ ಹಂತದಲ್ಲಿ, ಜೂನ್ ಅಂತ್ಯದೊಳಗೆ ತೆರವುಗೊಳಿಸಲಾಗುವುದು. ತಮ್ಮ ಕಾಳಜಿಗೆ ವಿಭಾಗವು ಆಭಾರಿಯಾಗಿದೆ.

ಉಪ ಅಧಿಕಾರಿ

ಅಮ್ಮ, ಮೇಲಿನದು ಕಚೇರಿಯ ಉತ್ತರ, ಇದು ನನ್ನದು. ನಿನ್ನ ಪತ್ರ ನೋಂದಾಯಿತ ಅಂಚೆಯಲ್ಲಿ ಬಂತು ಅಂತ ಟಪಾಲಿನವರು ಅದನ್ನು ಎಲ್ಲರ ಮುಂದೆ ಒಡೆದು, ಎಲ್ಲರ ಮುಂದೆ ಓದಿದರು. ಓದಿ ಮುಗಿಸಿ “ಮೇಡಮ್, ಇವರು ನಿಮ್ಮ ಸ್ವಂತ ತಾಯೀನಾ?” ಅಂತ ಕೇಳಿದರು. ಏನಂತ ಹೇಳಲಿ? ಎರಡು ಬೀದಿ ಆಚೆ ಇದ್ದೀಯ. ಹತ್ತು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಬಾಗಿಲು ತಟ್ಟಿದೆ. ಒಳಗೆ ರೇಡಿಯೋ ಕೇಳಿಸುತ್ತಿತ್ತು.

ಪೊಟರೆ ಇರುವ ಮರ ಅಂದರೆ ಒಳಗೆ ಟೊಳ್ಳು ಅಂತಲೇ ಅಮ್ಮ. ನಾಳೆ ಕೊಂಬೆ ಮುರಿದು ಯಾವುದೋ ಮಗುವಿನ ಮೇಲೆ ಬಿದ್ದರೆ ಇದೇ ಊರು ಬಂದು ನನ್ನ ಕತ್ತಿನಪಟ್ಟಿ ಹಿಡಿಯುತ್ತದೆ. ಆಗ ನೀನು ಯಾರ ಪರ ಪತ್ರ ಬರೆಯುತ್ತೀಯ?

ನಿನ್ನ ಮಗಳು


ಮಾರ್ಚ್ ೨೫

ಮಗಳೇ,

ನಿನ್ನ ಕಚೇರಿಯ ಉತ್ತರವನ್ನು ತಿದ್ದಿ ವಾಪಸು ಕಳಿಸಿದ್ದೇನೆ. ಐದು ಸಾಲಿನಲ್ಲಿ ನಾಲ್ಕು ಕಡೆ ಕೆಂಪು ಶಾಯಿಯಲ್ಲಿ ‘ಯಾರು?’ ಎಂದು ಬರೆದಿದ್ದೇನೆ. ಅಪಾಯಕಾರಿ ಎಂದು ಕಂಡುಬಂತಂತೆ. ಯಾರ ಕಣ್ಣಿಗೆ? ಆಭಾರಿಯಂತೆ! ಮರ ಕಡಿದು, ಮರಿಗಳನ್ನು ಲಾರಿಗೆ ತುಂಬಿ, ನನಗೆ ಆಭಾರಿ!

ಫೋನಿನಲ್ಲಿ ಆಡಿದ ಮಾತಿಗೆ ಫೈಲಿನಲ್ಲಿ ಜಾಗವಿಲ್ಲ. ನನಗೆ ಅದು ಗೊತ್ತಿರುವುದು ಅನುಭವದಿಂದ. ಹದಿನೇಳು ವರ್ಷದ ಹಿಂದೆ ಕಾರಂಜಿ ಹಾಕುತ್ತೇವೆಂದು ಇದೇ ಪಾರ್ಕಿನಲ್ಲಿ ನೇರಳೆ ಮರ ಕಡಿದರು. ಆಗಿನ ಅಧಿಕಾರಿ ನನಗೆ ಫೋನಿನಲ್ಲಿ “ಅಮ್ಮಾ, ಬದಲಿಗೆ ಹತ್ತು ಗಿಡ ನೆಡ್ತೀವಿ” ಎಂದ. ಕಾರಂಜಿಯಲ್ಲಿ ನೀರು ಚಿಮ್ಮಿದ್ದು ಉದ್ಘಾಟನೆಯ ದಿನ ಮಾತ್ರ. ಆ ಸುದ್ದಿಯ ಪ್ರೂಫ್ ನೋಡಿದವಳು ನಾನೇ. ‘ಜನಮನ ತಣಿಸಿದ ಕಾರಂಜಿ’ ಎಂಬ ತಲೆಬರಹದಲ್ಲಿ ಅಕ್ಷರದ ತಪ್ಪು ಒಂದೂ ಇರಲಿಲ್ಲ. ಉಳಿದ ತಪ್ಪು ತಿದ್ದಲು ನನಗೆ ಅಧಿಕಾರವಿರಲಿಲ್ಲ. ಈಗಲೂ ಆ ಕಾರಂಜಿಯ ತೊಟ್ಟಿಯಲ್ಲಿ ಒಣ ಎಲೆ ತುಂಬಿದೆ. ಹತ್ತು ಗಿಡ ಎಲ್ಲಿವೆ ಎಂದು ಕೇಳಿದರೆ ತೋರಿಸುವುದಕ್ಕೆ ನನ್ನ ಬಳಿ ಒಂದು ಚೂರು ಕಾಗದವಿಲ್ಲ. ಅಂದಿನಿಂದ ಬಾಯಿಮಾತು ಬಿಟ್ಟೆ.

ಮಗುವಿನ ಮೇಲೆ ಕೊಂಬೆ ಬೀಳುವ ಮಾತು. ನೀನೂ ಆ ಮರಗಳ ಕೆಳಗೆ ಬೆಳೆದ ಮಗುವೇ. ಒಂಬತ್ತು ವರ್ಷದವಳಿದ್ದಾಗ ಅಪ್ಪ ಏಣಿ ಹತ್ತಿ ತಗಡು ಕಟ್ಟುವಾಗ ಕೆಳಗೆ ನಿಂತು ತಂತಿ ಎತ್ತಿಕೊಡುತ್ತಿದ್ದವಳು, “ಸೊಟ್ಟಗಿದೆ ಅಪ್ಪ, ಎಡಕ್ಕೆ” ಎಂದು ಹೇಳಿ ಹೇಳಿ ಅವನ ಕೈ ಸೋಲಿಸಿದವಳು ಯಾರು? “ನಮ್ಮನೆ ಇನ್ಸ್‌ಪೆಕ್ಟರಮ್ಮ” ಎಂದು ಅವನು ಸುಮ್ಮನೆ ಕರೆಯಲಿಲ್ಲ.

ಎರಡನೇ ಹಂತದ ಒಂಬತ್ತು ಮರ ಯಾವುವು? ಪಟ್ಟಿ ಕಳಿಸು.

ಅಮ್ಮ


ಏಪ್ರಿಲ್ ೧೦

ಮಗಳೇ,

ಹದಿನಾರು ದಿನ ಕಾದೆ. ಪಟ್ಟಿ ಬರಲಿಲ್ಲ. ನಾನೇ ಹೋಗಿ ಕೇಳಿದೆ.

ಮೊದಲು ಬೆಂಚಿನ ವರದಿ. ಇದು ಇಪ್ಪತ್ತೆಂಟು ವರ್ಷದ ಅಭ್ಯಾಸ, ಸಿಟ್ಟು ಬಂದಿದೆ ಎಂದು ಬಿಡಲಾರೆ. ಗುಲ್‌ಮೊಹರ್ ಮೊನ್ನೆ ಬಾಯಿಬಿಟ್ಟಿದೆ. ಸೂರಕ್ಕಿಗಳು ಬೇಲಿಯ ಹೂವಿಗೆ ಬಂದಿವೆ. ಅತ್ತಿಮರ ಇದ್ದ ಜಾಗದಲ್ಲಿ ಬರೀ ಆಕಾಶ. ಅಲ್ಲಿಗೆ ದಿನಾ ಬೆಳಿಗ್ಗೆ ಎರಡು ಕುಟ್ರುಹಕ್ಕಿ ಹಾರಿಬಂದು, ಕೂರಲು ಕೊಂಬೆಯಿಲ್ಲದೆ, ಗಾಳಿಯಲ್ಲೇ ತಿರುಗಿ ವಾಪಸು ಹೋಗುತ್ತವೆ. ನಾಲ್ಕು ಬೆಳಿಗ್ಗೆ ನೋಡಿದೆ. ಐದನೆಯ ಬೆಳಿಗ್ಗೆ ಬೆಂಚನ್ನು ಬಿಟ್ಟು ಎದ್ದುಹೋದೆ.

ಬೊಡ್ಡೆಗಳಿಗೆ ಮಣ್ಣು ಮುಚ್ಚುತ್ತಿದ್ದ ಮಾಲಿಯನ್ನು ಕೇಳಿದೆ. “ಏನಪ್ಪಾ, ಹುಡುಕಿ ಹುಡುಕಿ ಇದೇ ಹನ್ನೆರಡು ಯಾಕೆ ಕಡಿದ್ರು? ಗೇಟಿನ ಹತ್ರ ಸಿಲ್ವರ್ ಓಕು ಕುಡಿದವನ ಹಾಗೆ ವಾಲಿಕೊಂಡು ನಿಂತಿದೆ, ಅದನ್ನ ಮುಟ್ಟೇ ಇಲ್ಲ.”

“ನಮಗೇನು ಗೊತ್ತಮ್ಮ. ತಗಡು ಇರೋದನ್ನ ಕಡೀರಿ ಅಂದ್ರು. ಹನ್ನೆರಡರ ತನಕ ಈಗ, ಮಿಕ್ಕಿದ್ದು ಆಮೇಲೆ ಅಂದ್ರು.”

“ಯಾವ ತಗಡು?”

ಅವನು ಗುದ್ದಲಿ ನಿಲ್ಲಿಸಿ ನನ್ನನ್ನೇ ನೋಡಿದ. “ನಿಮ್ದೇ ಅಲ್ವಾ? ನಾನು ಹೇಳ್ದೆ ಅವರಿಗೆ, ಇದು ಬೆಂಚಿನ ಅಮ್ಮೋರ ತಗಡು, ಹಕ್ಕಿಗೆ ಕಟ್ಟಿರೋದು ಅಂತ. ‘ನೀನು ಗುದ್ದಲಿ ಹಿಡ್ಕೋ, ನಂಬರ್ ವಿಷಯ ನಮಗೆ ಬಿಡು’ ಅಂದ್ರು.”

ಪಕ್ಕದಲ್ಲಿ ನಮ್ಮ ಬೆಂಚಿನ ದರ್ಜಿ ಇದ್ದರು, ನೀನು ಚಿಕ್ಕವಳಿದ್ದಾಗ ಉದ್ದಣ್ಣ ಎಂದು ಕರೆಯುತ್ತಿದ್ದೆಯಲ್ಲ, ಅವರೇ. “ಅಕ್ಕಾ, ಯಜಮಾನರು ಬರೆದ ನಂಬರು ಅಷ್ಟು ಲಕ್ಷಣವಾಗಿತ್ತು ನೋಡಿ, ಸರ್ಕಾರಕ್ಕೇ ತನ್ನದು ಅನ್ನಿಸಿಬಿಟ್ಟಿದೆ” ಎಂದು ನಕ್ಕರು. ನನ್ನ ಮುಖ ನೋಡಿ ನಗು ಅರ್ಧಕ್ಕೆ ನುಂಗಿಕೊಂಡರು.

ಮಾಲಿ ಹೇಳಿದ್ದು ಸುಳ್ಳು ಎಂದು ಬರೆ. ಒಂದೇ ಸಾಲು ಸಾಕು.

ಅಮ್ಮ


ಏಪ್ರಿಲ್ ೧೯

ಅಮ್ಮ,

ಸುಳ್ಳು ಅಂತ ಬರೆಯಲು ಆಗುವುದಿಲ್ಲ. ಫೈಲು ತರಿಸಿ ನೋಡಿದೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಪರೀಕ್ಷಕರು ಪಾರ್ಕಿಗೆ ಹೋಗಿ, ಪ್ರತಿ ಮರವನ್ನೂ ಸುತ್ತು ಬಂದು, ಬಡಿದು ನೋಡಿ, ಅಪಾಯ ಅನ್ನಿಸಿದ್ದಕ್ಕೆ ಬಿಳಿ ತಗಡಿನ ಮೇಲೆ ಕೆಂಪು ನಂಬರು ಬರೆದು ಕಟ್ಟಬೇಕು. ಆ ನಂಬರುಗಳ ಪಟ್ಟಿ ನನ್ನ ಮೇಜಿಗೆ ಬರುತ್ತದೆ. ನಮ್ಮ ಪರೀಕ್ಷಕರು ಫೆಬ್ರವರಿ ಮೂರರಂದು ಹೋಗಿದ್ದಾರೆ. ಹೋಗಿ ನೋಡಿದರೆ ಮರಗಳ ಮೇಲೆ ಆಗಲೇ ಬಿಳಿ ತಗಡು, ಕೆಂಪು ನಂಬರು, ಒಂದರಿಂದ ಇಪ್ಪತ್ತೊಂದರವರೆಗೆ ಸಾಲಾಗಿ. ತನಗಿಂತ ಮೊದಲು ಬಂದ ಯಾರೋ ಕೆಲಸ ಮುಗಿಸಿದ್ದಾರೆ ಅಂದುಕೊಂಡರಂತೆ. ತಲೆಯೆತ್ತಿ ನೋಡಿದರೆ ಪೊಟರೆ, ಒಣಕೊಂಬೆ. ಅನುಮಾನ ಬರಲಿಲ್ಲವಂತೆ. ಇದ್ದ ನಂಬರುಗಳನ್ನೇ ಬರೆದುಕೊಂಡು ಬಂದಿದ್ದಾರೆ. ಒಂದು ಮರವನ್ನೂ ಬಡಿದು ನೋಡಿಲ್ಲ.

ಅವರನ್ನು ಕೂಗಾಡಿ ಕೇಳಿದೆ. “ಮೇಡಮ್, ಅಷ್ಟು ನೀಟಾಗಿ ಬರೆದಿತ್ತು, ಖಾಸಗಿಯವರು ಯಾರು ಹಾಗೆ ಬರೀತಾರೆ?” ಅಂದರು.

ಪಟ್ಟಿಯಲ್ಲಿ ಇದ್ದದ್ದು ಬರೀ ನಂಬರು ಮತ್ತು ಮರದ ಜಾತಿ. ನಾನು ಸಹಿ ಹಾಕಿದೆ. ನನಗೆ ಗೊತ್ತಿರಲಿಲ್ಲ ಅಮ್ಮ.

ಅಪ್ಪ ಯಾಕೆ ಬಿಳಿಯ ಮೇಲೆ ಕೆಂಪಿನಲ್ಲೇ ಬರೆದ?

ನಿನ್ನ ಮಗಳು


ಏಪ್ರಿಲ್ ೨೦

ನಾನು ಹೇಳಿದ್ದಕ್ಕೆ.

ಅವನು ಬೋರ್ಡು ಬರೆಯುವವನು, ಬಣ್ಣದ ವಿಷಯ ಅವನಿಗೆ ಗೊತ್ತಿತ್ತು. “ಹಸಿರಲ್ಲಿ ಬರೀತೀನಿ ಕಣೇ, ಎಲೆ ಜೊತೆ ಎಲೆಯಾಗಿ ಇರುತ್ತೆ. ಕೆಂಪು ಬರೆದ್ರೆ ಮರಕ್ಕೆ ಪೊಲೀಸ್ ನೋಟೀಸು ಅಂಟಿಸಿದ ಹಾಗೆ ಕಾಣುತ್ತೆ” ಎಂದಿದ್ದ. ನಾನು ಕೇಳಲಿಲ್ಲ. ಬೆಂಚಿನಿಂದ ಏಳದೆ, ಕನ್ನಡಕ ಹಾಕದೆ ಓದಲು ಬರಬೇಕು, ಕೆಂಪೇ ಇರಲಿ ಎಂದೆ. ಅವನು ಕೆಂಪು ಡಬ್ಬಿ ತೆರೆದ. ಬರೆದುಕೊಟ್ಟ.

ಹನ್ನೆರಡು ಮರಕ್ಕೆ ದಾರಿ ತೋರಿಸಿದವಳು ನಾನು. ಇದನ್ನು ಯಾರೂ ನನಗೆ ಸಮಾಧಾನ ಹೇಳಿ ಅಳಿಸುವುದು ಬೇಡ. ಆದರೆ ನೆನಪಿರಲಿ. ನಾನು ತಗಡು ಕಟ್ಟಿಸಿದೆ ಎಂದ ಮಾತ್ರಕ್ಕೆ ನಿಮ್ಮ ಪರೀಕ್ಷಕನ ಕಣ್ಣು ಕುರುಡಾಗಬೇಕಿರಲಿಲ್ಲ.

ನಾಳೆ ಹೋಗಿ ಉಳಿದ ಒಂಬತ್ತನ್ನೂ ಬಿಚ್ಚುತ್ತೇನೆ.

ಅಮ್ಮ


ಮೇ ೪

ಮಗಳೇ,

ನಿನ್ನ ಕಚೇರಿಯಿಂದ ನನಗೊಂದು ನೋಟೀಸು ಬಂದಿದೆ. ‘ಸಾರ್ವಜನಿಕ ಉದ್ಯಾನದಲ್ಲಿ ವಿಭಾಗದ ಗುರುತು ಫಲಕಗಳನ್ನು ಕಿತ್ತ ಬಗ್ಗೆ’ ಹದಿನೈದು ದಿನದಲ್ಲಿ ವಿವರಣೆ ಕೊಡಬೇಕಂತೆ. ನಿನ್ನ ಹಿರಿಯ ಅಧಿಕಾರಿ, ವಿಭಾಗದ ಮುಖ್ಯಸ್ಥರ ಸಹಿ ಇದೆ. ನಿನ್ನದಿಲ್ಲ. ಅಷ್ಟು ಮಟ್ಟಿಗೆ ಸಂತೋಷ.

ಓದಿ ಮೊದಲು ನಕ್ಕೆ. ಆಮೇಲೆ ಇನ್ನೊಮ್ಮೆ ಓದಿದೆ. ನಡೆದದ್ದು ಹೇಳುತ್ತೇನೆ.

ಹೇಳಿದ ಹಾಗೆ ಮಾರನೆಯ ಬೆಳಿಗ್ಗೆ ಅಪ್ಪನ ಇಕ್ಕಳ, ಅಡಿಗೆಮನೆಯ ಸ್ಟೂಲು ಹಿಡಿದು ಹೋದೆ. ಹದಿಮೂರರಿಂದ ಹದಿನೆಂಟರವರೆಗೆ ಬಿಚ್ಚಿದೆ. ಅವನು ಎರಡು ವರ್ಷಕ್ಕೊಮ್ಮೆ ತಂತಿ ಸಡಿಲಿಸುತ್ತಿದ್ದ, “ಮರಾನೂ ದಪ್ಪ ಆಗುತ್ತೆ ಕಣೇ, ನನ್ನ ಹಾಗೆ” ಎನ್ನುತ್ತ. ಅವನು ಹೋಗಿ ಐದು ವರ್ಷವಾಯಿತು, ಸಡಿಲಿಸುವವರಿಲ್ಲ. ಹತ್ತೊಂಬತ್ತನೇ ನಂಬರಿನ ಅತ್ತಿಮರ ತಂತಿಯನ್ನು ನುಂಗಿಬಿಟ್ಟಿದೆ. ತಗಡಿನ ಒಂದು ಅಂಚೂ ತೊಗಟೆಯೊಳಗೆ ಹೋಗಿದೆ. ಎಳೆದರೆ ತೊಗಟೆ ಕಿತ್ತು ಬರುತ್ತದೆ. ಏನು ಮಾಡುವುದೆಂದು ಸ್ಟೂಲಿನ ಮೇಲೆ ನಿಂತು ಯೋಚಿಸುತ್ತಿದ್ದಾಗ ಕಾವಲುಗಾರ ಓಡಿಬಂದ.

“ಏ ಅಜ್ಜೀ! ಏನು ಮಾಡ್ತಾ ಇದೀರಿ? ಸರ್ಕಾರಿ ತಗಡು ಅದು!”

“ಅಜ್ಜಿ ಆಗೋದಕ್ಕಿಂತ ಮೊದಲು ಇದನ್ನ ನಾನೇ ಕಟ್ಟಿಸಿದ್ದು ಕಣಪ್ಪ.”

“ಪಟ್ಟೀಲಿ ನಂಬರ್ ಇದೆ, ಫೈಲಲ್ಲಿ ಫೋಟೋ ಇದೆ. ಒಂದು ಕಡಿಮೆ ಆದ್ರೂ ನನ್ನ ಕೆಲಸ ಹೋಗುತ್ತೆ. ಇಳೀರಿ ಕೆಳಗೆ.”

ಇಳಿದೆ. ಬಿಚ್ಚಿದ ಒಂದು ತಗಡನ್ನು ಅವನ ಕೈಗೆ ಕೊಟ್ಟು “ಹಿಂದೆ ತಿರುಗಿಸಿ ಓದು” ಎಂದೆ. ಓದಿದ: ‘ಹೊಳೆಯುವ ಎನಾಮಲ್, ಎರಡು ಲೀಟರ್.’ ಎಲ್ಲವೂ ಅಪ್ಪನ ಬಣ್ಣದ ಡಬ್ಬಿಯ ಮುಚ್ಚಳಗಳೇ ತಾನೆ.

“ಸರ್ಕಾರಿ ತಗಡಿನ ಹಿಂದೆ ಬಣ್ಣದ ಡಬ್ಬಿ ಯಾಕಪ್ಪಾ ಇರುತ್ತೆ?”

ಅವನು ತಗಡನ್ನು ಮತ್ತೆ ತಿರುಗಿಸಿ ನೋಡಿ, “ಸರ್ಕಾರ ಅಂದ್ಮೇಲೆ ಏನು ಬೇಕಾದ್ರೂ ಇರುತ್ತಮ್ಮ” ಎಂದ. ಆರೂ ತಗಡು ಕಿತ್ತುಕೊಂಡು, ರಿಜಿಸ್ಟರಿನಲ್ಲಿ ನನ್ನ ವಿಳಾಸ ಬರೆಸಿಕೊಂಡ.

ನಿನ್ನ ಅಪ್ಪ ಕೈಯಾರೆ ಬರೆದ ಅಕ್ಷರ ಈಗ ನಿಮ್ಮ ವಿಭಾಗದ ಸೊತ್ತು, ನಾನು ಕಳ್ಳಿ. ಒಳ್ಳೆಯದು. ವಿವರಣೆ ಕೊಡುತ್ತೇನೆ, ಅವರು ಕೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇನೆ.

ಆ ಹತ್ತೊಂಬತ್ತರ ಒಣಕೊಂಬೆಯಲ್ಲಿ ಮೊನ್ನೆಯಿಂದ ಕುಟ್ರುಹಕ್ಕಿಗಳು ಹೊಸ ಪೊಟರೆ ಕೊರೆಯುತ್ತಿವೆ. ಕೆಳಗೆ ಹಿಟ್ಟಿನ ಹಾಗೆ ಮರದ ಪುಡಿ ಬಿದ್ದಿರುತ್ತದೆ. ಏಳನೇ ನಂಬರಿನ ಜೋಡಿಯೇ ಎಂದು ಆಣೆ ಮಾಡಲಾರೆ. ಹಕ್ಕಿಗೂ ನಂಬರು ಬರೆಯುವಷ್ಟು ನಾವು ಕೆಟ್ಟಿರಲಿಲ್ಲ. ಜೂನಿನಲ್ಲಿ ಅಲ್ಲಿ ಮರಿ ಇರುತ್ತದೆ. ಜೂನಿನಲ್ಲಿ ನಿಮ್ಮ ಎರಡನೇ ಹಂತವೂ ಇರುತ್ತದೆ.

ಇನ್ನೊಂದು ಮಾತು. ಕಾವಲುಗಾರ ಫೈಲಿನಲ್ಲಿ ಫೋಟೋ ಇದೆ ಎಂದ. ನೀನು ಬರೀ ನಂಬರು ಇತ್ತು ಎಂದು ಬರೆದಿದ್ದೀಯ. ಇಬ್ಬರಲ್ಲಿ ಯಾರ ಮಾತನ್ನು ತಿದ್ದಲಿ?

ಅಮ್ಮ


ಮೇ ೨೧

ಅಮ್ಮ,

ನನ್ನದನ್ನು ತಿದ್ದು.

ಪಟ್ಟಿಯ ಹಿಂದೆ ಫೋಟೋಗಳಿದ್ದವು. ಇಪ್ಪತ್ತೊಂದು. ನಾನು ಎಲ್ಲವನ್ನೂ ನೋಡಲಿಲ್ಲ. ಒಂದನ್ನು ನೋಡಿದೆ. ಜಕರಂಡದ್ದು, ಒಂಬತ್ತನೇ ನಂಬರು. ಅಪ್ಪನ ಒಂಬತ್ತು ನಿನಗೆ ಗೊತ್ತಲ್ಲ, ಬಾಲವನ್ನು ಒಂದು ಸುತ್ತು ಜಾಸ್ತಿ ಸುತ್ತುತ್ತಿದ್ದ. ಬೇರೆ ಯಾರೂ ಹಾಗೆ ಬರೆಯುವುದಿಲ್ಲ. ನೋಡಿದ ಕೂಡಲೇ ಗೊತ್ತಾಯಿತು. ನಿಜ ಹೇಳುತ್ತೇನೆ, ಖುಷಿಯಾಯಿತು. ಅಪ್ಪ ಇಷ್ಟು ವರ್ಷದ ಮೇಲೆ ನನ್ನ ಮೇಜಿನ ಮೇಲೆ ಬಂದು ಕೂತ ಹಾಗೆ ಅನ್ನಿಸಿತು. ಒಂದು ಕ್ಷಣ ಬೆರಳಿಟ್ಟು ನೋಡಿದೆ.

ಆಮೇಲೆ ಪುಟ ತಿರುಗಿಸಿದೆ. ಪರೀಕ್ಷಕರು ಮರಗಳನ್ನು ನೋಡಿಯೇ ಬಂದಿರುತ್ತಾರೆ, ಹೊಸ ತಗಡು ಯಾಕೆ ಅಂತ ಇದ್ದ ನಂಬರನ್ನೇ ಬಳಸಿದ್ದಾರೆ ಅಂದುಕೊಂಡೆ. ಗುತ್ತಿಗೆದಾರ ಎದುರಿಗೆ ನಿಂತಿದ್ದ, “ಮೇಡಮ್, ಲಾರಿ ಬುಕ್ ಆಗಿದೆ” ಅಂತ ಗಡಿಬಿಡಿ ಮಾಡುತ್ತಿದ್ದ. ಪಾರ್ಕು ಕಚೇರಿಯಿಂದ ನಡೆದರೆ ಹನ್ನೆರಡು ನಿಮಿಷ. ನಾನು ಎದ್ದು ಹೋಗಲಿಲ್ಲ. ಸೊಟ್ಟಗಿದ್ದ ತಗಡನ್ನು ಅಪ್ಪನ ಕೈಲಿ ನಾಲ್ಕು ಸಲ ಕಟ್ಟಿಸಿದವಳು, ಅದೇ ಮರದ ಸಾವಿಗೆ ಕೂತಲ್ಲೇ ಸಹಿ ಹಾಕಿದೆ. ನನಗೆ ಗೊತ್ತಿರಲಿಲ್ಲ ಅಂತ ಬರೆದೆನಲ್ಲ, ಅದು ಸುಳ್ಳು. ಎರಡು ತಿಂಗಳಿಂದ ನನಗೆ ನಾನೇ ಹೇಳಿಕೊಂಡ ಸುಳ್ಳು.

ಹಿರಿಯ ಅಧಿಕಾರಿಗೆ ಎಲ್ಲ ಹೇಳಿದೆ. ಎರಡನೇ ಹಂತ ನಿಲ್ಲಿಸಿ ಅಂತ ಫೈಲಿನಲ್ಲಿ ಟಿಪ್ಪಣಿ ಬರೆದೆ. ಅವರು ಬಾಗಿಲು ಮುಂದೆ ಮಾಡಿ, ನಗುತ್ತಲೇ ಮಾತಾಡಿದರು. “ನೋಡಮ್ಮ, ನಿಮ್ಮ ತಾಯಿಯವರು ಮಾರ್ಚ್‌ನಲ್ಲಿ ಕೊಟ್ಟ ದೂರು ವಾಪಸ್ ತಗೊಳ್ಳಲಿ. ನೋಟೀಸು ನಾವು ಬಿಟ್ಬಿಡ್ತೀವಿ. ಒಂಬತ್ತು ಮರಾನ ಸದ್ಯಕ್ಕೆ ಮುಂದೂಡೋಣ. ಯಾರಿಗೂ ತೊಂದ್ರೆ ಇಲ್ಲ, ನಿಮಗಂತೂ ಮೊದಲೇ ಇಲ್ಲ. ಇಲ್ಲಾಂದ್ರೆ ಪಟ್ಟಿ ಪ್ರಕಾರ ಕೆಲಸ ನಡೆಯುತ್ತೆ, ಸಹಿ ನಿಮ್ದೇ ಇದೆಯಲ್ಲ” ಅಂದರು.

ಮರ ಉಳಿಯುತ್ತವೆ ಅಮ್ಮ. ನಿನಗೆ ಬೇಕಾದದ್ದು ಅದೇ ತಾನೆ? ಏನು ಮಾಡಬೇಕು ಅಂತ ನೀನೇ ಹೇಳು. ನನಗೆ ಕೇಳುವ ಮುಖವಿಲ್ಲ.

ನಿನ್ನ ಮಗಳು


ಜೂನ್ ೩

ಮಗಳೇ,

‘ಸದ್ಯಕ್ಕೆ’ ಎನ್ನುವ ಪದವನ್ನು ನಾನು ಮೂವತ್ತೊಂದು ವರ್ಷ ಓದಿದ್ದೇನೆ. ಅದರ ಆಯಸ್ಸು ಎಷ್ಟೆಂದು ನನಗೆ ಗೊತ್ತು. ಹತ್ತು ಗಿಡ ನೆಡುತ್ತೇವೆ ಎಂದವನೂ ನಗುತ್ತಲೇ ಹೇಳಿದ್ದ.

ಹನ್ನೆರಡು ಮರದ ಬಗ್ಗೆ ಬಾಯಿ ಮುಚ್ಚಿದರೆ ಒಂಬತ್ತು ಮರ ಬದುಕುತ್ತವೆ ಎನ್ನುತ್ತಿದ್ದಾರೆ. ನಾಳೆ ಇನ್ನೊಂದು ಪಾರ್ಕಿನಲ್ಲಿ ಇನ್ನೊಬ್ಬ ಪರೀಕ್ಷಕ ಇನ್ನೇನನ್ನೋ ನೋಡಿ ಇನ್ನೊಂದು ಪಟ್ಟಿ ಬರೆದುಕೊಂಡು ಬರುತ್ತಾನೆ. ಅಲ್ಲಿ ಬೆಂಚಿನ ಮೇಲೆ ನೋಟ್‌ಬುಕ್ ಹಿಡಿದ ಹುಚ್ಚಿ ಯಾರೂ ಇರುವುದಿಲ್ಲ. ದೂರು ವಾಪಸು ತೆಗೆದುಕೊಳ್ಳುವುದಿಲ್ಲ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಕೈಗೆ ಬಂದ ಕೆಲಸ ಮಾಡಿದೆ. ಊರಿಗೆ ಒಂದು ಬಹಿರಂಗ ಪತ್ರ ಬರೆದಿದ್ದೇನೆ. ಪತ್ರಿಕೆಗೂ ಪಾರ್ಕಿನ ಗೇಟಿಗೂ. ಕರಡು ಲಗತ್ತಿಸಿದ್ದೇನೆ. ತಪ್ಪು ಕಂಡರೆ ತಿದ್ದು.

ಅಮ್ಮ


ಜೂನ್ ೭

ಅಮ್ಮ,

ಕರಡು ವಾಪಸು ಕಳಿಸಿದ್ದೇನೆ. ನಿನ್ನ ಕೆಂಪು ಶಾಯಿಯ ಪೆನ್ನಿಗೆ ಅಂಗಡಿಯಲ್ಲಿ ಜೊತೆ ಹುಡುಕಿ ತಂದೆ.

ಅಪ್ಪನ ವಿಷಯ, ನಿನ್ನ ವಿಷಯ, ಪರೀಕ್ಷಕರ ವಿಷಯ ಎಲ್ಲ ಸರಿಯಾಗಿ ಇದೆ, ಬಿಸಿ ತಟ್ಟುವ ಹಾಗಿದೆ. ಆದರೆ ಮೂರನೇ ಪ್ಯಾರಾದಲ್ಲಿ ‘ಒಬ್ಬ ಅಧಿಕಾರಿ ಪಟ್ಟಿಗೆ ಸಹಿ ಹಾಕಿದರು’ ಅಂತ ಬರೆದು ಮುಂದಕ್ಕೆ ಓಡಿಬಿಟ್ಟಿದ್ದೀಯ. ಅಲ್ಲಿ ನಾನು ಪಕ್ಕದಲ್ಲಿ ‘ಯಾರು?’ ಅಂತ ಬರೆದಿದ್ದೇನೆ. ಫೋಟೋದ ಮಾತನ್ನೇ ನೀನು ಎತ್ತಿಲ್ಲ. ಅದನ್ನೂ ಸೇರಿಸಿದ್ದೇನೆ. ಮೂವತ್ತೊಂದು ವರ್ಷ ಪ್ರೂಫ್ ನೋಡಿದವಳ ಕಣ್ಣಿಗೆ ಇಷ್ಟು ದೊಡ್ಡ ತಪ್ಪು ಕಾಣಲಿಲ್ಲ ಅಂದರೆ ನಾನು ನಂಬುವುದಿಲ್ಲ. ಡಾಕ್ಟರು ಬೇರೆ ನಿನ್ನ ಕಣ್ಣು ಚೆನ್ನಾಗಿದೆ ಅಂದಿದ್ದಾರೆ.

ಎರಡನೇ ಹಂತಕ್ಕೆ ಇಪ್ಪತ್ತೇಳನೇ ತಾರೀಖು ಗೊತ್ತು ಮಾಡಿದ್ದಾರೆ. ನನ್ನ ಸಹಿಯನ್ನು ವಾಪಸು ಪಡೆದಿದ್ದೇನೆ ಅಂತ ಬರೆದುಕೊಟ್ಟೆ. ಅದನ್ನು ಫೈಲಿಗೆ ಸೇರಿಸಿಲ್ಲ. ಅದರ ನಕಲು ಇದರ ಜೊತೆ ಇದೆ, ಬಳಸಿಕೋ.

ಇವತ್ತು ಬೆಳಿಗ್ಗೆ ಹನ್ನೆರಡು ನಿಮಿಷ ನಡೆದು ಪಾರ್ಕಿಗೆ ಹೋಗಿದ್ದೆ. ಹತ್ತೊಂಬತ್ತರ ಪೊಟರೆಯಿಂದ ಒಂದು ತಲೆ ಹೊರಗೆ ಇಣುಕಿ ನನ್ನನ್ನು ನೋಡಿ ಒಳಗೆ ಹೋಯಿತು. ನೀನು ಬೆಂಚಿನಲ್ಲಿದ್ದೆ. ಮಾತಾಡಿಸಲಿಲ್ಲ.

ಮೋಡ ಕಟ್ಟಿದೆ. ಕೊಡೆ ಬೇಕು. ಬಂದರೆ ಬಾಗಿಲು ತೆಗೆಯುತ್ತೀಯಾ?

ನಿನ್ನ ಮಗಳು


ಜೂನ್ ೧೦

ಈ ಊರಿನವರಿಗೆಲ್ಲ, ಉದ್ಯಾನ ವಿಭಾಗದ ಮುಖ್ಯಸ್ಥರಿಗೆ

ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಕೊಳದ ಪಾರ್ಕಿನಲ್ಲಿ ಹನ್ನೆರಡು ಮರಗಳನ್ನು ಕಡಿದರು. ಅವು ಅಪಾಯದ ಮರಗಳು ಎಂದು ನಿಮಗೆ ಹೇಳಿದ್ದಾರೆ. ಅವನ್ನು ಯಾರೂ ಪರೀಕ್ಷಿಸಿರಲೇ ಇಲ್ಲ. ಅವು ಗೂಡಿನ ಮರಗಳು. ಆ ಮರಗಳಿಗೆ ತಗಡು ಕಟ್ಟಿಸಿದವಳು ನಾನು. ಗಂಡ ಬೇಡವೆಂದರೂ ಕೆಂಪು ಬಣ್ಣದಲ್ಲಿ ಬರೆಸಿದವಳು ನಾನು. ಸಾರ್ವಜನಿಕ ಮರಕ್ಕೆ ಯಾರನ್ನೂ ಕೇಳದೆ ಗುರುತು ಹಾಕಿದ್ದು ನನ್ನ ತಪ್ಪು. ಯಾವ ನೋಟೀಸು ಬೇಕಾದರೂ ಕೊಡಿ, ತೆಗೆದುಕೊಳ್ಳುತ್ತೇನೆ.

ಮುಖ್ಯಸ್ಥರೇ, ಆ ತಗಡುಗಳನ್ನು ನೋಡಿ, ಮರಗಳನ್ನು ನೋಡದೆ, ಪಟ್ಟಿ ಮಾಡಿದವರು ನಿಮ್ಮ ಪರೀಕ್ಷಕರು. ಫೆಬ್ರವರಿ ಮೂರರಂದು ಅವರು ಒಂದು ಮರವನ್ನೂ ಬಡಿದು ನೋಡಲಿಲ್ಲ.

ಪಟ್ಟಿಗೆ ಸಹಿ ಹಾಕಿದವಳು ನನ್ನ ಮಗಳು. ಫೋಟೋದಲ್ಲಿ ತನ್ನ ಅಪ್ಪನ ಕೈಬರಹ ಕಂಡೂ ಅವಳು ಪುಟ ತಿರುಗಿಸಿದಳು. ಈ ಎರಡು ಸಾಲು ಮೊದಲ ಕರಡಿನಲ್ಲಿ ಇರಲಿಲ್ಲ. ಸೇರಿಸಿದವಳು ಅವಳೇ. ಅವಳು ಸಹಿ ವಾಪಸು ಪಡೆದು ಬರೆದುಕೊಟ್ಟ ಕಾಗದವನ್ನು ನೀವು ಫೈಲಿಗೆ ಸೇರಿಸದೆ ಬಚ್ಚಿಟ್ಟಿದ್ದೀರಿ. ಅದರ ನಕಲನ್ನು ಇದರ ಪಕ್ಕದಲ್ಲೇ ಅಂಟಿಸಿದ್ದೇನೆ. ಗೇಟಿನಲ್ಲಿ ಓದುವವರಿಗೆ ಕನ್ನಡಕ ಬೇಕಾಗದ ಹಾಗೆ ದೊಡ್ಡದು ಮಾಡಿಸಿದ್ದೇನೆ.

ನಾವು ಮೂವರೂ ಏನು ಮಾಡಿದೆವು ಎಂದು ಊರಿಗೆ ಈಗ ಗೊತ್ತಾಯಿತು. ಉಳಿದವರು ನೀವು. ತಪ್ಪು ಪಟ್ಟಿ ಎಂದು ತಿಳಿದ ಮೇಲೂ, ಅದೇ ಪಟ್ಟಿ ಹಿಡಿದು ಈ ತಿಂಗಳ ಇಪ್ಪತ್ತೇಳಕ್ಕೆ ಒಂಬತ್ತು ಮರಗಳಿಗೆ ಗರಗಸ ಕಳಿಸಲು ಹೊರಟಿದ್ದೀರಿ. ಒಬ್ಬ ಮುದುಕಿ ಬಾಯಿ ಮುಚ್ಚಿದರೆ ಆ ಮರಗಳ ಅಪಾಯ ಮಾಯವಾಗುತ್ತದೆ ಎಂದು ಬಾಗಿಲು ಮುಂದೆ ಮಾಡಿಕೊಂಡು ಹೇಳಿದ್ದೀರಿ. ಬಾಯಿ ಮುಚ್ಚಿದರೆ ಹೋಗುವ ಅಪಾಯ ಮರದಲ್ಲಿ ಇರುವುದಿಲ್ಲ.

ಹತ್ತೊಂಬತ್ತನೇ ನಂಬರಿನ ಅತ್ತಿಮರದ ತಗಡು ಕೀಳಲು ಬರುವುದಿಲ್ಲ, ಮರವೇ ಅದನ್ನು ಹಿಡಿದುಕೊಂಡಿದೆ. ಅದರ ಮೇಲಿನ ಪೊಟರೆಯಲ್ಲಿ ಮರಿಗಳಿವೆ. ಇಪ್ಪತ್ತನೇ ತಾರೀಖು, ಬೆಳಿಗ್ಗೆ ಏಳು ಗಂಟೆಗೆ, ಆ ಮರದ ಕೆಳಗೆ ನಾನೂ ನನ್ನ ಮಗಳೂ ನಿಂತಿರುತ್ತೇವೆ. ನೀವೂ ಬನ್ನಿ. ಪರೀಕ್ಷಕರನ್ನು ಕರೆತನ್ನಿ. ಊರಿನವರ ಎದುರು ಒಂಬತ್ತು ಮರಗಳನ್ನೂ ಸುತ್ತು ಬಂದು ಬಡಿದು ನೋಡಿ, ನೋಡಿದ್ದನ್ನು ಅಲ್ಲೇ ಬರೆಯಿರಿ, ಬರೆದದ್ದಕ್ಕೆ ನಿಮ್ಮ ಹೆಸರು ಹಾಕಿ, ಇದೇ ಗೇಟಿನಲ್ಲಿ ಈ ಪತ್ರದ ಪಕ್ಕ ಅಂಟಿಸಿ. ಮತ್ತು ಇಡೀ ಊರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ: ತಪ್ಪೆಂದು ಗೊತ್ತಾದ ದಿನ ನೀವು ಯಾಕೆ ನಿಲ್ಲಿಸಲಿಲ್ಲ?